‘ಯಂತ್ರ ಹೇಳಿದೆ’ ಎಂದರೆ ಯಾರು ಹೇಳಿದ ಹಾಗೆ? ರೋಬೋಟ್ ಮತ್ತು ನೈತಿಕ ಹೊಣೆಯ ಕುರಿತು ಒಂದು ಚರ್ಚೆ

ಹಾಲು ಹಾಕುವ ಮನೆಯವನು, ಚಿಂತಾಮಣಿ ತಾಲ್ಲೂಕು

ರೋಬೋಟ್‌ಗಳನ್ನು ಮನುಷ್ಯ ಸಮಾಜದಲ್ಲಿ ನೈತಿಕ ಕರ್ತೃಗಳೆಂದು, ಅಂದರೆ ಒಳಿತು ಕೆಡುಕುಗಳನ್ನು ತಿಳಿದು ನಡೆದು ತಮ್ಮ ನಡೆಗೆ ತಾವೇ ಹೊಣೆ ಹೊರಬಲ್ಲವೆಂದು, ಒಪ್ಪಬಹುದೇ ಎಂಬ ಪ್ರಶ್ನೆಯನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಇದು ಎಲ್ಲೋ ದೂರದ ಪ್ರಯೋಗಶಾಲೆಯ ಪ್ರಶ್ನೆ ಎಂದೇ ನಾನು ತಿಳಿದಿದ್ದೆ. ಕಳೆದ ಆಷಾಢದಲ್ಲಿ ನಮ್ಮೂರ ಡೈರಿಯಲ್ಲಿ ನಡೆದ ಸಣ್ಣ ಸಂಗತಿಯೊಂದು ಅದನ್ನು ನಮ್ಮ ಮನೆಯೊಳಕ್ಕೆ ತಂದಿತು.

ನನ್ನ ತಾಯಿ ಇಪ್ಪತ್ತೆರಡು ವರ್ಷಗಳಿಂದ ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಿದ್ದಾರೆ. ಆ ಬೆಳಿಗ್ಗೆ ಹಾಲು ಪರೀಕ್ಷಿಸುವ ಯಂತ್ರ ಫ್ಯಾಟ್ 2.9, ಕೊಬ್ಬು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್ 7.6 ಎಂದು ಚೀಟಿ ಕೊಟ್ಟಿತು. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇರಬೇಕಾದಲ್ಲಿ ಅಷ್ಟು ಕಡಿಮೆ ಬಂದರೆ ಅದರ ಅರ್ಥ ಸರದಿಯಲ್ಲಿ ನಿಂತವರಿಗೆಲ್ಲ ಒಂದೇ: ಹಾಲಿಗೆ ನೀರು ಬಿದ್ದಿದೆ. ಕಾರ್ಯದರ್ಶಿ ಚೀಟಿಯನ್ನು ಅಮ್ಮನ ಕೈಗಿತ್ತು, “ಯಂತ್ರ ಹೇಳಿದೆ ಕಣಮ್ಮ, ನಾನೇನು ಮಾಡಲಿ?” ಎಂದರು. ಅಮ್ಮ ಹಾಲನ್ನು ವಾಪಸು ತಂದು ಹೊಸಲಿನ ಬಳಿ ಇಟ್ಟು, ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಮಾರನೆಯ ದಿನ ಅದೇ ಹಸು, ಅದೇ ಮೇವು, 3.9 ಮತ್ತು 8.6. ಯಂತ್ರದ ಹೀರುನಳಿಗೆಯನ್ನು ತೊಳೆಯದೆ ಬಿಟ್ಟರೂ, ಹಾಲಿನಲ್ಲಿ ನೊರೆಯ ಗುಳ್ಳೆ ಸೇರಿದರೂ ಅದು ತಪ್ಪು ಅಂಕಿ ತೋರಿಸುತ್ತದೆ ಎಂದು ಆಮೇಲೆ ತಿಳಿಯಿತು.

ಅದು ರೋಬೋಟ್ ಅಲ್ಲ, ಶ್ರವಣಾತೀತ ತರಂಗಗಳನ್ನು ಹಾಲಿನ ಮೂಲಕ ಹಾಯಿಸಿ ಅಳೆಯುವ ಒಂದು ಪೆಟ್ಟಿಗೆ ಎಂಬುದು ನನಗೆ ಗೊತ್ತಿದೆ. ಆದರೆ “ಯಂತ್ರ ಹೇಳಿದೆ” ಎಂಬ ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅಮ್ಮ ಕೇಳಿದ್ದು ಇಷ್ಟೇ: “ಹಾಗಾದರೆ ನಾನು ಯಾರನ್ನು ಕೇಳಬೇಕು?”

ನಿರ್ವಹಣಾ ವಿಭಾಗ, ನರಸಾಪುರ ಕೈಗಾರಿಕಾ ಪ್ರದೇಶ

ನಾನು ಹನ್ನೊಂದು ವರ್ಷಗಳಿಂದ ರೋಬೋಟ್ ತೋಳುಗಳ ಜೊತೆಯಲ್ಲೇ ಕೆಲಸ ಮಾಡುತ್ತಿದ್ದೇನೆ, ಆದ್ದರಿಂದ ಕಣ್ಣಾರೆ ಕಂಡ ಒಂದು ವಸ್ತುವಿನ ಬಗ್ಗೆ ಹೇಳುತ್ತೇನೆ. ತೋಳಿಗೆ ಕೆಲಸ ಕಲಿಸುವಾಗ ನಾವು ಬೇಲಿಯ ಒಳಗೆ ನಿಂತು ಕೈಯಲ್ಲಿ ಒಂದು ನಿಯಂತ್ರಣ ಫಲಕ ಹಿಡಿದಿರುತ್ತೇವೆ. ಅದರ ಹಿಂಬದಿಯ ಗುಂಡಿಗೆ ಮೂರು ಸ್ಥಾನಗಳು. ನಡುವಿನ ಸ್ಥಾನದಲ್ಲಿ ಹದವಾಗಿ ಒತ್ತಿ ಹಿಡಿದರೆ ಮಾತ್ರ ತೋಳು ಚಲಿಸುತ್ತದೆ, ಕೈಬಿಟ್ಟರೂ ನಿಲ್ಲುತ್ತದೆ, ಬಿಗಿಯಾಗಿ ಹಿಸುಕಿದರೂ ನಿಲ್ಲುತ್ತದೆ. ಏಕೆಂದರೆ ತೋಳು ತನ್ನತ್ತಲೇ ಬರುತ್ತಿದೆ ಎಂದು ಕಂಡು ದಿಗಿಲುಬಿದ್ದ ಮನುಷ್ಯ ಹಿಡಿದದ್ದನ್ನು ಬಿಟ್ಟುಬಿಡುತ್ತಾನೆ ಅಥವಾ ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಾನೆ, ಆ ಕ್ಷಣದಲ್ಲಿ ಅವನ ಬುದ್ಧಿ ಕೆಲಸ ಮಾಡುವುದಿಲ್ಲ.

ಹೊಸಬರಿಗೆ ಈ ಗುಂಡಿಯನ್ನು ತೋರಿಸುವಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಕಂಡರಿಯದ ಒಬ್ಬ ಕೆಲಸಗಾರನ ಭಯವನ್ನು ಮುಂದಾಗಿ ನೆನೆದು ಯಾರೋ ಒಬ್ಬರು ಇದನ್ನು ಮಾಡಿದ್ದಾರೆ. ಆ ಕಾಳಜಿ ನೈತಿಕವಾದದ್ದು, ಮತ್ತು ಅದು ಮಾಡಿದವರದ್ದು. ತೋಳಿಗೆ ನನ್ನ ತಲೆಯೂ ಒಂದೇ, ಉಕ್ಕಿನ ತಗಡೂ ಒಂದೇ. 1979ರ ಜನವರಿಯಲ್ಲಿ ಅಮೆರಿಕದ ಮಿಶಿಗನ್‌ನ ಫೋರ್ಡ್ ಎರಕದ ಕಾರ್ಖಾನೆಯಲ್ಲಿ, ಸಾಮಾನು ತರಲೆಂದು ಅಟ್ಟಣಿಗೆ ಹತ್ತಿದ ಕೆಲಸಗಾರನೊಬ್ಬ ಯಂತ್ರದ ತೋಳಿನ ಹೊಡೆತಕ್ಕೆ ಸತ್ತ. ಜೊತೆಯವರು ಬಂದು ನೋಡುವವರೆಗೂ ಆ ಯಂತ್ರ ತನ್ನ ಕೆಲಸವನ್ನು ಮುಂದುವರಿಸಿಯೇ ಇತ್ತು. 1983ರಲ್ಲಿ ಜ್ಯೂರಿಯು ಒಂದು ಕೋಟಿ ಡಾಲರ್ ಪರಿಹಾರ ಕೊಡುವಂತೆ ತೀರ್ಪಿತ್ತದ್ದು ಯಂತ್ರವನ್ನು ತಯಾರಿಸಿದ ಕಂಪನಿಯ ಮೇಲೆ. ಅದೇ ಸರಿ ಎಂದು ನನ್ನ ಅಭಿಪ್ರಾಯ.

ತತ್ತ್ವಶಾಸ್ತ್ರದ ವಿದ್ಯಾರ್ಥಿನಿ, ತುಮಕೂರು

ನರಸಾಪುರದವರ ಮಾತನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ಬರೆದುಕೊಟ್ಟ ಅಂಕಿಗಳಂತೆ ಹೋಗಿ ಬರುವ ತೋಳು ನೈತಿಕ ಕರ್ತೃವಲ್ಲ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಜೇಮ್ಸ್ ಮೂರ್ ಎಂಬ ತತ್ತ್ವಜ್ಞರು 2006ರಲ್ಲಿ ಯಂತ್ರಗಳನ್ನು ನಾಲ್ಕು ಮೆಟ್ಟಿಲುಗಳಲ್ಲಿ ವಿಂಗಡಿಸಿದರು. ಬಳಕೆಯಿಂದ ನೈತಿಕ ಪರಿಣಾಮವಷ್ಟೇ ಉಂಟುಮಾಡುವವು ಮೊದಲನೆಯವು, ಕೆಡುಕಾಗದಂತೆ ಕಟ್ಟಿ ಇಟ್ಟವು ಎರಡನೆಯವು, ಇದು ಸರಿಯೇ ತಪ್ಪೇ ಎಂದು ತಾವೇ ಲೆಕ್ಕ ಹಾಕಿ ನಿರ್ಧರಿಸುವವು ಮೂರನೆಯವು, ಅರಿವು, ಉದ್ದೇಶ, ಸ್ವತಂತ್ರ ಇಚ್ಛೆಗಳುಳ್ಳ ಮನುಷ್ಯರಂಥವು ನಾಲ್ಕನೆಯವು. ನಿಮ್ಮ ಮೂರು ಸ್ಥಾನದ ಗುಂಡಿ ಎರಡನೆಯ ಮೆಟ್ಟಿಲಿನದು. ನಾನು ಮಾತನಾಡುತ್ತಿರುವುದು ಮೂರನೆಯದರ ಬಗ್ಗೆ.

ಮಕ್ಕಳೆಲ್ಲ ಬೆಂಗಳೂರು ಸೇರಿ, ಊರಿನಲ್ಲಿ ಮುದುಕರಿಬ್ಬರೇ ಉಳಿದ ಮನೆಗಳು ನಮ್ಮ ಪಾವಗಡ, ಮಧುಗಿರಿಯ ಕಡೆ ಎಷ್ಟೋ ಇವೆ. ಅಂಥ ಮನೆಯಲ್ಲಿ ಮುಂದೊಂದು ದಿನ ಆರೈಕೆಯ ರೋಬೋಟ್ ಇರುತ್ತದೆ ಎಂದುಕೊಳ್ಳಿ. ಅಜ್ಜ ಮಾತ್ರೆ ಬೇಡವೆನ್ನುತ್ತಾನೆ. ಒತ್ತಾಯಿಸಬೇಕೇ, ಅವನ ಇಷ್ಟಕ್ಕೆ ಬಿಡಬೇಕೇ, ಮಗಳಿಗೆ ಫೋನ್ ಮಾಡಬೇಕೇ ಎಂಬುದನ್ನು ಅದು ತೂಗಿ ನೋಡಿ, ಕಾರಣ ಹೇಳಿ, ತಪ್ಪಾದರೆ ಮುಂದಿನ ಸಲ ತಿದ್ದಿಕೊಂಡರೆ, ಇನ್ನೇನು ಬೇಕು? ಒಳಗೆ ಅರಿವಿರಬೇಕು ಎನ್ನುತ್ತೀರಿ. ಆದರೆ ಪಕ್ಕದ ಮನೆಯವರ ಒಳಗೂ ನಾವು ಇಣುಕಿ ನೋಡಿಲ್ಲ, ನಡೆಯನ್ನು ಕಂಡೇ ನಂಬಿದ್ದೇವೆ. ‘ಇವರಿಗೆ ವಿವೇಕವಿಲ್ಲ’ ಎಂಬ ಮಾತನ್ನು ಹೆಂಗಸರ ಮೇಲೂ ದುಡಿಯುವ ಜಾತಿಗಳ ಮೇಲೂ ಶತಮಾನಗಳ ಕಾಲ ಹೇಳಿದವರು ಕೂಡ ‘ಒಳಗೇನೋ ಇಲ್ಲ’ ಎಂಬ ಇದೇ ವಾದವನ್ನು ಹಿಡಿದಿದ್ದರು ಎಂಬುದನ್ನು ಮರೆಯಬಾರದು.

ಓದುಗ, ಬಂಗಾರಪೇಟೆ

ಜಾತಿಯ ಮಾತು ಬಂದದ್ದರಿಂದ ನಾನೂ ಬರೆಯುತ್ತಿದ್ದೇನೆ. ಮೊದಲನೆಯದಾಗಿ, ನಮ್ಮವರನ್ನು ಯಂತ್ರಗಳ ಸಾಲಿನಲ್ಲಿ ನಿಲ್ಲಿಸುವ ಹೋಲಿಕೆಯನ್ನು ದಯವಿಟ್ಟು ಬಿಡಿ. ನಮ್ಮ ಅಜ್ಜಿಗೆ ವಿವೇಕ ಇತ್ತು, ಇತ್ತೆಂದು ಎದುರಿನವರಿಗೂ ಗೊತ್ತಿತ್ತು, ಗೊತ್ತಿದ್ದೂ ಇಲ್ಲವೆಂದರು.

ಎರಡನೆಯದು ಚಿಂತಾಮಣಿಯವರಿಗೆ. ನಿಮ್ಮ ತಾಯಿಗೆ ಆದದ್ದು ಅನ್ಯಾಯವೇ. ಆದರೆ ಯಂತ್ರ ಬರುವ ಮೊದಲು ಏನಿತ್ತು ಎಂಬುದನ್ನೂ ಕೇಳಿ. ನಮ್ಮೂರಿನಲ್ಲಿ ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ‘ಡಿಗ್ರಿ’ ಓದುತ್ತಿದ್ದವರು ಊರಿನ ದೊಡ್ಡ ಮನೆಯವರು. ನಮ್ಮ ಕೇರಿಯ ಹಾಲನ್ನು ಕೊನೆಗೆ ತೆಗೆದುಕೊಳ್ಳುತ್ತಿದ್ದರು, ಪಾತ್ರೆ ತಾಗದಂತೆ ಮೇಲಿನಿಂದ ಸುರಿಸಿಕೊಳ್ಳುತ್ತಿದ್ದರು, ಡಿಗ್ರಿ ಯಾವಾಗಲೂ ಒಂದು ಗೆರೆ ಕಡಿಮೆಯೇ ಬರುತ್ತಿತ್ತು. ಯಂತ್ರ ಬಂದ ವಾರದಲ್ಲಿ ನಮ್ಮ ಅಜ್ಜಿಯ ಹಾಲಿಗೂ ದೊಡ್ಡ ಮನೆಯ ಹಾಲಿಗೂ ಒಂದೇ ಅಂಕಿ ಬಂತು. ಅಜ್ಜಿ ಆ ಚೀಟಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು, ಶಾಯಿ ಮಾಸಿಹೋಗುವವರೆಗೂ ಅದು ಅಲ್ಲೇ ಇತ್ತು. ಯಂತ್ರಕ್ಕೆ ಮನಸ್ಸಾಕ್ಷಿ ಇಲ್ಲ ಎಂದು ನೀವೆಲ್ಲ ಮರುಗುವಾಗ, ಮನಸ್ಸಾಕ್ಷಿ ಇದ್ದವರ ಕೈಯಲ್ಲಿ ನಾವು ಪಟ್ಟದ್ದನ್ನೂ ಆ ಲೆಕ್ಕಕ್ಕೆ ಸೇರಿಸಿ.

ಹಾಲು ಹಾಕುವ ಮನೆಯವನು, ಚಿಂತಾಮಣಿ ತಾಲ್ಲೂಕು

ಬಂಗಾರಪೇಟೆಯವರೇ, ನಿಮ್ಮ ಮಾತನ್ನು ಎರಡು ಸಲ ಓದಿದೆ. ನಮ್ಮೂರಿನ ಹಳೆಯ ಸರದಿಯೂ ಹಾಗೆಯೇ ಇತ್ತು, ನಾವು ಅದರ ಮುಂದಿನ ತುದಿಯಲ್ಲಿದ್ದೆವು. ಇದನ್ನು ನಾನು ಮೊದಲೇ ಬರೆಯಬೇಕಿತ್ತು.

ಕನ್ನಡ ಮೇಷ್ಟ್ರು, ಮುಳಬಾಗಿಲು

ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವನಿಗೆ ಈ ಪ್ರಶ್ನೆ ವಿಭಕ್ತಿಯ ಪ್ರಶ್ನೆಯಾಗಿಯೇ ಕಾಣುತ್ತದೆ, ಕ್ಷಮಿಸಿ. ‘ರಾಮನು ಕೊಡಲಿಯಿಂದ ಮರವನ್ನು ಕಡಿದನು’ ಎಂಬಲ್ಲಿ ರಾಮ ಕರ್ತೃ, ಕೊಡಲಿ ಕರಣ, ಅಂದರೆ ಸಾಧನ. ಕೊಡಲಿ ಎಷ್ಟೇ ಹರಿತವಾಗಿದ್ದರೂ ಅದು ತೃತೀಯಾ ವಿಭಕ್ತಿಯಲ್ಲೇ ಉಳಿಯುತ್ತದೆ. ಆದರೆ ಇದೇ ವಾಕ್ಯವನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ನೋಡಿ: ‘ರಾಮನಿಂದ ಮರವು ಕಡಿಯಲ್ಪಟ್ಟಿತು’. ಈಗ ರಾಮನಿಗೂ ‘ಇಂದ’ ಬಂತು, ಕೊಡಲಿಗಿದ್ದ ಪ್ರತ್ಯಯವೇ ಕರ್ತೃವಿಗೂ ಹತ್ತಿತು. ಇನ್ನೊಂದು ಹೆಜ್ಜೆ ಹೋಗಿ ‘ಮರವು ಕಡಿಯಲ್ಪಟ್ಟಿತು’ ಎಂದು ಬರೆದರೆ ರಾಮನೇ ಇಲ್ಲವಾದ. ನಮ್ಮ ಕಚೇರಿಗಳ ಕನ್ನಡ ಬಹುಕಾಲದಿಂದ ಈ ಪ್ರಯೋಗದಲ್ಲೇ ಬದುಕಿದೆ: ಅರ್ಜಿ ತಿರಸ್ಕರಿಸಲ್ಪಟ್ಟಿದೆ, ಹೆಸರು ಕೈಬಿಡಲ್ಪಟ್ಟಿದೆ. ತಿರಸ್ಕರಿಸಿದವರು ಯಾರು ಎಂದು ಕೇಳಿದರೆ ಹೇಳುವವರಿರಲಿಲ್ಲ. ಈಗ ಆ ತೆರವಾದ ಜಾಗಕ್ಕೆ ‘ಯಂತ್ರ’ ಎಂಬ ಹೆಸರನ್ನು ತಂದು ಪ್ರಥಮಾ ವಿಭಕ್ತಿಯಲ್ಲಿ ಕೂರಿಸುತ್ತಿದ್ದಾರೆ. ನನ್ನ ಅಂಜಿಕೆ ಇರುವುದು ಅಲ್ಲಿ. ರೋಬೋಟ್ ಕರ್ತೃವಾಗಿಬಿಡುತ್ತದೆ ಎಂದು ನಾನು ಹೆದರಿಲ್ಲ, ರಾಮ ತಪ್ಪಿಸಿಕೊಳ್ಳುತ್ತಾನೆ ಎಂದು ಹೆದರಿದ್ದೇನೆ.

ಮತ್ತೊಂದು ಸಂಗತಿ. ಕನ್ನಡದಲ್ಲಿ ಮಗು ನಪುಂಸಕಲಿಂಗ. ‘ಮಗು ಅತ್ತಿತು, ಮಗು ಬಿದ್ದಿತು’ ಎನ್ನುತ್ತೇವೆ. ಅದು ಬೆಳೆದು ‘ಅವನು’, ‘ಅವಳು’ ಆಗುವ ಹೊತ್ತಿಗೆ ‘ಯಾಕೆ ಹೀಗೆ ಮಾಡಿದೆ?’ ಎಂದು ನಾವು ಕೇಳತೊಡಗಿರುತ್ತೇವೆ, ಅದಕ್ಕೆ ಮುಖ ಬಾಡಿಸಿಕೊಳ್ಳುವುದನ್ನು ಆ ಮಗು ಕಲಿತಿರುತ್ತದೆ.

ತತ್ತ್ವಶಾಸ್ತ್ರದ ವಿದ್ಯಾರ್ಥಿನಿ, ತುಮಕೂರು

ಮೇಷ್ಟ್ರೇ, ‘ಸೂರ್ಯನು ಮುಳುಗಿದನು’ ಎಂದೂ ನೀವೇ ಕಲಿಸಿದ್ದೀರಿ. ಸೂರ್ಯನಿಗೆ ಯಾವ ಮನಸ್ಸಾಕ್ಷಿ ಇದೆ? ಭಾಷೆ ಗೌರವದಿಂದ ಕೊಟ್ಟ ಲಿಂಗ ಹೊಣೆಗೆ ಸಾಕ್ಷಿಯಾಗದು. ಕರ್ಮಣಿ ಪ್ರಯೋಗದ ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಬಂಗಾರಪೇಟೆಯವರ ಕ್ಷಮೆಯನ್ನೂ ಕೇಳುತ್ತೇನೆ. ವಾದದ ಬಲಕ್ಕಾಗಿ ಆ ಹೋಲಿಕೆಯನ್ನು ತಂದೆ, ಅದು ನೋಯಿಸುವ ಹೋಲಿಕೆ.

ವಕೀಲೆ, ಚಿಕ್ಕಬಳ್ಳಾಪುರ

ಮೇಷ್ಟ್ರು ಹೇಳಿದ ಮಗುವಿನ ಮಾತು ಕಾನೂನಿನಲ್ಲಿಯೂ ಇದೆ. ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮಿನ ಪ್ರಕಾರ ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. ಏಳರಿಂದ ಹನ್ನೆರಡರ ನಡುವಿನ ಮಗುವಿಗೆ, ತಾನು ಮಾಡಿದ್ದು ಎಂಥದ್ದು, ಅದರಿಂದ ಏನಾಗುತ್ತದೆ ಎಂದು ಅರಿಯುವಷ್ಟು ಬುದ್ಧಿ ಬಲಿತಿಲ್ಲದಿದ್ದರೆ 21ನೇ ಕಲಮು ರಕ್ಷಣೆ ಕೊಡುತ್ತದೆ. ಅಂದರೆ ಕೃತ್ಯ ನಡೆದರೆ ಸಾಲದು, ಅರಿತು ಮಾಡಿರಬೇಕು.

ಆದರೆ ಕಾನೂನಿನಲ್ಲಿ ‘ವ್ಯಕ್ತಿ’ಯಾಗಲು ಅರಿವು ಬೇಕಿಲ್ಲ ಎಂಬುದೂ ನಿಜ. ದೇವಾಲಯದ ಮೂರ್ತಿ ನಮ್ಮಲ್ಲಿ ಕಾನೂನಿನ ವ್ಯಕ್ತಿ, ಅದರ ಹೆಸರಿನಲ್ಲಿ ಆಸ್ತಿ ಇರುತ್ತದೆ, ದಾವೆ ನಡೆಯುತ್ತದೆ. ಕಂಪನಿಯೂ ವ್ಯಕ್ತಿ, ಕಡ್ಡಾಯ ಜೈಲುಶಿಕ್ಷೆಯಿರುವ ಅಪರಾಧದಲ್ಲಿಯೂ ಕಂಪನಿಯ ವಿಚಾರಣೆ ನಡೆಸಿ ದಂಡ ಹಾಕಬಹುದೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2005ರಲ್ಲಿ ಹೇಳಿದೆ. 2017ರ ಮಾರ್ಚ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗಾ, ಯಮುನಾ ನದಿಗಳನ್ನು ವ್ಯಕ್ತಿಗಳೆಂದು ಸಾರಿದಾಗ, ಪ್ರವಾಹ ಬಂದು ಯಾರಾದರೂ ಸತ್ತರೆ ನದಿಯ ಪರವಾಗಿ ಪರಿಹಾರ ಕೊಡುವವರು ಯಾರು ಎಂಬ ತೊಡಕನ್ನು ಮುಂದಿಟ್ಟು ರಾಜ್ಯ ಸರ್ಕಾರ ಮೇಲ್ಮನವಿ ಹೋಯಿತು, ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಮೂರ್ತಿಗೆ ಅರ್ಚಕರೋ ಆಡಳಿತದವರೋ ಇದ್ದಾರೆ, ಕಂಪನಿಗೆ ನಿರ್ದೇಶಕರಿದ್ದಾರೆ. ಎಲ್ಲ ಕಡೆಯೂ ಕೊನೆಗೆ ಕಟಕಟೆ ಹತ್ತಲು ಒಬ್ಬ ಮನುಷ್ಯ ಬೇಕು. ಅದೇ 2017ರ ಫೆಬ್ರವರಿಯಲ್ಲಿ ಐರೋಪ್ಯ ಸಂಸತ್ತು, ಬಹಳ ಸುಧಾರಿತವಾದ ರೋಬೋಟ್‌ಗಳಿಗೆ ‘ಎಲೆಕ್ಟ್ರಾನಿಕ್ ವ್ಯಕ್ತಿ’ ಎಂಬ ಸ್ಥಾನ ಕೊಡುವುದನ್ನು ಪರಿಶೀಲಿಸಿ ಎಂದು ನಿರ್ಣಯ ಮಾಡಿತು. ಮರುವರ್ಷ ನೂರೈವತ್ತಕ್ಕೂ ಹೆಚ್ಚು ತಜ್ಞರು ಸಹಿ ಹಾಕಿ ಅದನ್ನು ವಿರೋಧಿಸಿದರು. ತಯಾರಕರ ಹೊಣೆ ಅಳಿಸಿಹೋಗುತ್ತದೆ ಎಂಬ ಭಯ ಆ ವಿರೋಧದ ಹಿಂದಿತ್ತು.

ಹೊಣೆ ಹೇಗೆ ಜಾರುತ್ತದೆ ಎಂಬುದಕ್ಕೆ ನನಗೆ ಮರೆಯಲಾಗದ ಪ್ರಕರಣ 2018ರ ಮಾರ್ಚ್ 18ರ ರಾತ್ರಿಯದು. ಅರಿಜೋನಾದ ಟೆಂಪಿಯಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬರು ಉಬರ್‌ನ ಸ್ವಯಂಚಾಲಿತ ಪರೀಕ್ಷಾ ಕಾರಿಗೆ ಸಿಕ್ಕಿ ತೀರಿಕೊಂಡರು. ತನಿಖೆಯ ಪ್ರಕಾರ ಕಾರಿನ ಸಂವೇದಕಗಳು ಆಕೆಯನ್ನು ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಂಡಿದ್ದವು. ಆದರೆ ತಂತ್ರಾಂಶ ಆಕೆಯನ್ನು ಒಮ್ಮೆ ವಾಹನವೆಂದು, ಒಮ್ಮೆ ಬೇರೇನೋ ಎಂದು, ಒಮ್ಮೆ ಸೈಕಲ್ ಎಂದು ಬದಲಿಸುತ್ತಾ ಹೋಯಿತು, ಹೆಸರು ಬದಲಾದಾಗಲೆಲ್ಲ ಆಕೆ ಅಲ್ಲಿಯವರೆಗೆ ಸಾಗಿಬಂದ ಜಾಡನ್ನು ಬಿಟ್ಟು ಹೊಸದಾಗಿ ಲೆಕ್ಕ ಹಾಕಿತು. ಜೀಬ್ರಾ ಪಟ್ಟಿ ಇಲ್ಲದ ಕಡೆಯಲ್ಲಿಯೂ ಜನ ರಸ್ತೆ ದಾಟುತ್ತಾರೆ ಎಂಬುದನ್ನೇ ಆ ತಂತ್ರಾಂಶ ಗಣನೆಗೆ ತೆಗೆದುಕೊಂಡಿರಲಿಲ್ಲ. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆಗೆ ಆಧಾರವಿಲ್ಲವೆಂದು 2019ರಲ್ಲಿ ಸರ್ಕಾರಿ ವಕೀಲರು ಹೇಳಿದರು. ಚಾಲಕರ ಸೀಟಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದ ನೌಕರೆ 2023ರಲ್ಲಿ ತಪ್ಪೊಪ್ಪಿಕೊಂಡು ಜೈಲಿನ ಬದಲು ಮೂರು ವರ್ಷಗಳ ನಿಗಾವಣೆಯಾದ ಪ್ರೊಬೇಷನ್‌ಗೆ ಒಳಗಾದರು. ಆಕೆಯದು ತಪ್ಪೇ, ಆದರೆ ಆಕೆಯೊಬ್ಬರದೇ ಎಂದು ನನಗೆ ಅನ್ನಿಸುವುದಿಲ್ಲ.

ಚಾಂಪಿಯನ್ ರೀಫ್ ಮೊಮ್ಮಗ, ಕೆಜಿಎಫ್

ನಮ್ಮ ತಾತ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದರು. ಶಾಫ್ಟಿನೊಳಗೆ ಆಳುಗಳನ್ನು ಇಳಿಸಿ ಎತ್ತುವ ಪಂಜರದ ಹಗ್ಗ ಅವರ ಕೈಯಲ್ಲಿರುತ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು, ಕೆಳಗಿನವರ ಮುಖ ಕಾಣದು, ದನಿ ಕೇಳದು, ಗಂಟೆಯ ಸಂಜ್ಞೆ ಒಂದೇ ಕೇಳುತ್ತಿದ್ದದ್ದು. ಹಗ್ಗ ಅತಿವೇಗ ಹೋದರೆ, ಪಂಜರ ಮೇಲಿನ ಗಾಲಿಗೆ ಅಪ್ಪಳಿಸುವಂತಾದರೆ ತಾನಾಗಿಯೇ ತಡೆಯುವ ಉಪಕರಣವೂ ಇತ್ತು. ನಾನು ಚಿಕ್ಕವನಿದ್ದಾಗ, “ಅದೇ ನಿಲ್ಲಿಸುತ್ತದಲ್ಲ ತಾತ, ನಿಮಗೇಕೆ ಅಷ್ಟು ಭಯ?” ಎಂದು ಕೇಳಿದ್ದೆ. ಅವರು, “ಅದು ನಿಲ್ಲಿಸುತ್ತದೆ, ಆದರೆ ಸಾಯಂಕಾಲ ಆ ಆಳಿನ ಹೆಂಡತಿ ಬಂದು ನಿಂತುಕೊಳ್ಳುವುದು ನನ್ನ ಮುಂದೆ” ಎಂದರು. ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಅದಾದ ಮೇಲೂ ಅವರು ನಿದ್ದೆಯಲ್ಲಿ ಗಂಟೆ ಎಣಿಸುತ್ತಿದ್ದರು.

ಹೀಗೆಂದು ನಾನು ರೋಬೋಟ್‌ಗಳ ವಿರೋಧಿಯಲ್ಲ. ಮನುಷ್ಯರನ್ನು ಮಲದ ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದ ಮೇಲೂ ನಮ್ಮ ಊರಿನಲ್ಲಿ ಇಳಿಯುವವರನ್ನು ನಾನು ನೋಡಿದ್ದೇನೆ. ಕೇರಳದ ಹುಡುಗರು ಮಾಡಿದ ‘ಬ್ಯಾಂಡಿಕೂಟ್’ ಎಂಬ ರೋಬೋಟ್ ಮ್ಯಾನ್‌ಹೋಲಿಗೆ ಇಳಿದು ಕೆಸರೆತ್ತುತ್ತದೆ, ಅಂಥವು ಸಾವಿರ ಬರಲಿ. ಆದರೆ ಅದಕ್ಕೆ ನೈತಿಕತೆಯ ಬಿರುದು ಬೇಡ. ಅದು ಇಳಿಯುವಾಗ ಕಳೆದುಕೊಳ್ಳುವುದು ಏನೂ ಇಲ್ಲ. ಅದನ್ನು ತರಿಸಲು ಹಣ ಮಂಜೂರು ಮಾಡಬೇಕಾದವರು ಮಾಡಿದರೋ ಇಲ್ಲವೋ ಎಂಬುದು ನೈತಿಕ ಪ್ರಶ್ನೆ.

ತತ್ತ್ವಶಾಸ್ತ್ರದ ವಿದ್ಯಾರ್ಥಿನಿ, ತುಮಕೂರು

ತಾತನ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೂ ಒಂದು ಗಂಟನ್ನು ನೀವೆಲ್ಲ ಬಿಡಿಸದೆ ಬಿಟ್ಟಿದ್ದೀರಿ. ಆಂಡ್ರಿಯಾಸ್ ಮಥಿಯಾಸ್ ಎಂಬವರು 2004ರಲ್ಲೇ ಇದನ್ನು ‘ಹೊಣೆಗಾರಿಕೆಯ ಕಂದಕ’ ಎಂದು ಕರೆದರು. ಅನುಭವದಿಂದ ತಾನೇ ಕಲಿತು ಬದಲಾಗುವ ಯಂತ್ರ ನಾಳೆ ಏನು ಮಾಡೀತೆಂದು ಅದನ್ನು ತಯಾರಿಸಿದವರೂ ಮೊದಲೇ ಹೇಳಲಾರರು. ಮುನ್ಸೂಚನೆಯೂ ಹಿಡಿತವೂ ಇಲ್ಲದವರ ಮೇಲೆ ಹೊಣೆ ಹೊರಿಸುವುದು ನ್ಯಾಯವೇ? ಯಂತ್ರದ ಮೇಲೆಯೂ ಹೊರಿಸಬಾರದು ಎಂದರೆ, ಸತ್ತವರ ಮನೆಯವರು ಆ ಕಂದಕದ ಅಂಚಿನಲ್ಲಿ ನಿಂತು ಯಾರನ್ನು ಕೂಗಬೇಕು? ಯಂತ್ರಕ್ಕೆ ಒಂದು ಪಾಲಾದರೂ ಕರ್ತೃತ್ವ ಕೊಟ್ಟರೆ ಆ ಕಂದಕ ತುಂಬೀತು ಎಂಬುದು ನನ್ನ ಆಸೆ.

ಓದುಗ, ಬಂಗಾರಪೇಟೆ

ತುಂಬುವುದಿಲ್ಲ, ಮುಚ್ಚಿಹೋಗುತ್ತದೆ. ಹಾಲು ಅಳೆಯುವ ಪೆಟ್ಟಿಗೆ ನಮ್ಮ ಕೇರಿಯನ್ನು ಕೇಳಲಿಲ್ಲ, ಏಕೆಂದರೆ ಅದು ಹಾಲನ್ನು ಮಾತ್ರ ಬಲ್ಲದು. ನೀವು ಹೇಳುವ ಕಲಿಯುವ ಯಂತ್ರ ಹಳೆಯ ಲೆಕ್ಕದ ಪುಸ್ತಕಗಳಿಂದ ಕಲಿಯುತ್ತದೆ. ಆ ಪುಸ್ತಕಗಳಲ್ಲಿ ನಮ್ಮ ಹಾಲಿನ ಡಿಗ್ರಿ ಇಪ್ಪತ್ತು ವರ್ಷ ಒಂದು ಗೆರೆ ಕಡಿಮೆ ಇದೆ. ಅದನ್ನು ಓದಿದ ಯಂತ್ರ ನಮ್ಮ ಮನೆಗಳಿಗೆ ಸಾಲ ಬೇಡವೆಂದರೆ, ಅದನ್ನು ‘ನೈತಿಕ ಕರ್ತೃ’ ಎಂದು ನೀವು ಒಪ್ಪಿಬಿಟ್ಟಿದ್ದರೆ, ದೊಡ್ಡ ಮನೆಯವರ ಬೆರಳು ಆ ಕೊಳವೆಯ ಮೇಲಿತ್ತು ಎಂಬುದನ್ನು ನಾನು ಯಾರಿಗೆ ತೋರಿಸಲಿ? ಹಿಂದೆ ಕಡೇಪಕ್ಷ ಮುಖ ನೋಡಿ ಜಗಳವಾಡಬಹುದಿತ್ತು.

ವಕೀಲೆ, ಚಿಕ್ಕಬಳ್ಳಾಪುರ

ಕಂದಕದ ಪ್ರಶ್ನೆಗೆ ಒಂದು ಮಾತು. ಮುನ್ಸೂಚನೆ ಇಲ್ಲದಿದ್ದರೂ ಹೊಣೆ ಹೊರಿಸುವ ಪದ್ಧತಿ ಕಾನೂನಿಗೆ ಹೊಸದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗಾರಿಕೆಗೇ ಒಂದು ಅಧ್ಯಾಯವಿದೆ. ದೋಷವಿರುವ ವಸ್ತುವಿನಿಂದ ಹಾನಿಯಾದರೆ ತಯಾರಕ, ಮಾರಾಟಗಾರ, ಸೇವೆ ಕೊಟ್ಟವನು ಉತ್ತರಿಸಬೇಕಾಗುತ್ತದೆ. ಏನು ಮಾಡೀತೆಂದು ತನಗೇ ತಿಳಿಯದ ಯಂತ್ರವನ್ನು ಬೀದಿಗೆ ಬಿಡುವುದು ಒಬ್ಬರು ಅರಿತು ಮಾಡಿದ ತೀರ್ಮಾನ. ಆ ತೀರ್ಮಾನಕ್ಕೆ ಹೆಸರಿದೆ, ಸಹಿ ಇದೆ, ತಾರೀಖಿದೆ.

ನಿರ್ವಹಣಾ ವಿಭಾಗ, ನರಸಾಪುರ ಕೈಗಾರಿಕಾ ಪ್ರದೇಶ

ನಮ್ಮಲ್ಲಿ ಬೇಲಿಯೊಳಗೆ ಹೋಗುವ ಮುನ್ನ ವಿದ್ಯುತ್ ಕಡಿದು ಬೀಗ ಹಾಕಿ, ಬೀಗ ಹಾಕಿದವರ ಹೆಸರು ಮತ್ತು ಫೋಟೋ ಇರುವ ಚೀಟಿ ನೇತುಹಾಕುತ್ತೇವೆ. ಹಾಕಿದವರೇ ಬಂದು ತೆಗೆಯಬೇಕು. ವಕೀಲರ ಮಾತು ಕೇಳಿ ಅದೇ ನೆನಪಾಯಿತು.

ಹಾಲು ಹಾಕುವ ಮನೆಯವನು, ಚಿಂತಾಮಣಿ ತಾಲ್ಲೂಕು

ಆಮೇಲೆ ನಡೆದದ್ದನ್ನು ಹೇಳಿಬಿಡುತ್ತೇನೆ. ಹನ್ನೊಂದು ಮನೆಯವರು ಸೇರಿ ಸಂಘಕ್ಕೆ ಅರ್ಜಿ ಕೊಟ್ಟೆವು, ನಮ್ಮ ಹಿಂದಿನ ತುದಿಯ ಸರದಿಯವರ ಸಹಿಯೂ ಅದರಲ್ಲಿದೆ. ಅಂಕಿಯ ಬಗ್ಗೆ ಯಾರಾದರೂ ಆಕ್ಷೇಪಿಸಿದರೆ ಅದೇ ಹಾಲನ್ನು ಹಳೆಯ ಗರ್ಬರ್ ವಿಧಾನದಲ್ಲಿ, ಆಮ್ಲ ಹಾಕಿ ಕೊಳವೆಯಲ್ಲಿ ತಿರುಗಿಸಿ, ಎದುರಿಗೇ ಮರುಪರೀಕ್ಷೆ ಮಾಡಬೇಕು. ನಳಿಗೆ ತೊಳೆದವರ ಹೆಸರು, ಹೊತ್ತು ದಿನವೂ ಪುಸ್ತಕದಲ್ಲಿ ಬರೆಯಬೇಕು. ಹಾಲು ವಾಪಸು ಮಾಡಿದ ಚೀಟಿಗೆ ಮನುಷ್ಯರ ಸಹಿ ಇರಬೇಕು. ಮೊದಲ ಎರಡಕ್ಕೆ ಒಪ್ಪಿದ್ದಾರೆ. ಮೂರನೆಯದಕ್ಕೆ ಇನ್ನೂ ಒಪ್ಪಿಲ್ಲ.

ಅರ್ಜಿ ಕೊಟ್ಟ ಮರುವಾರ ಕಾರ್ಯದರ್ಶಿ ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂರದೆ ನಿಂತೇ ಇದ್ದು, “ಹಿಂದಿನ ರಾತ್ರಿ ನಳಿಗೆ ತೊಳೆದಿರಲಿಲ್ಲ ಅಮ್ಮ. ಅಂಕಿ ಅಷ್ಟು ಕೆಳಗೆ ಬಂದಾಗಲೇ ನನಗೆ ಅನುಮಾನ ಬಂತು. ಸರದಿ ಉದ್ದ ಇತ್ತು, ಬಾಯಿ ಬಿಡಲಿಲ್ಲ” ಎಂದರು. ಅಮ್ಮ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಕಾಫಿ ತಂದಿಟ್ಟರು, ಆದರೆ ಎಂದಿನಂತೆ ಎದುರಿಗೆ ಕೂರಲಿಲ್ಲ.

ತತ್ತ್ವಶಾಸ್ತ್ರದ ವಿದ್ಯಾರ್ಥಿನಿ, ತುಮಕೂರು

ಆ “ಬಾಯಿ ಬಿಡಲಿಲ್ಲ” ಎಂಬ ಮಾತನ್ನು ನಾನು ಚಿತ್ರಿಸಿದ ರೋಬೋಟ್ ಕೂಡ ಹೇಳಬಲ್ಲದು, ಅಕ್ಷರಕ್ಕೆ ಅಕ್ಷರ ಹಾಗೆಯೇ. ಅದು ಹೇಳಿದ್ದರೆ ನಿಮ್ಮ ತಾಯಿ ಕಾಫಿ ಕೊಡದೆ ಇರುತ್ತಿದ್ದರೇ ಎಂದು ಕೇಳುವುದಿಲ್ಲ. ಎದುರಿಗೆ ಕೂರದೆ ಇರುತ್ತಿದ್ದರೇ? ಅವರನ್ನೇ ಕೇಳಿ ಬರೆಯುವಿರಾ?

ಹಾಲು ಹಾಕುವ ಮನೆಯವನು, ಚಿಂತಾಮಣಿ ತಾಲ್ಲೂಕು

ಕೇಳಿದೆ. “ಯಂತ್ರದ ಮೇಲೆ ಯಾರಾದರೂ ಮುನಿಸಿಕೊಳ್ಳುತ್ತಾರೆಯೇ?” ಎಂದು ಹೇಳಿ, ಸಂಜೆಯ ಹಾಲು ಕರೆಯಲು ಎದ್ದು ಹೋದರು.